ಇಪ್ಪತ್ನಾಲ್ಕನೆಯವನು

ನ್ಕೋಟಕೋಟದ ಸರೋವರದ ದಡ,
ಉಸಿಪಾ ಮೀನು ಒಣಗುವ ತಟ್ಟಿಗಳ ಹಿಂದೆ ನಮ್ಮ ಕಚೇರಿ:
ಒಂದು ಮೇಜು, ಎರಡು ರಿಜಿಸ್ಟರು,
ಮಧ್ಯಾಹ್ನ ಕೈಕೊಡುವ ಕರೆಂಟು.

ಹೊಳೆಯಾಚೆ ಹಳೆಯ ಸೊಳ್ಳೆಪರದೆ, ಇನ್ನೂರು ಮಕ್ಕಳು;
ಈಚೆ ಹೊಸದು, ಔಷಧಿಯಲ್ಲಿ ಅದ್ದಿದ್ದು, ಇನ್ನೂರೇ.
ಮಳೆ ಕಳೆಯುವಷ್ಟರಲ್ಲಿ
ಅಲ್ಲಿ ಮೂವತ್ತೆಂಟು ಮೈ ಕಾದವು,
ಇಲ್ಲಿ ಇಪ್ಪತ್ನಾಲ್ಕು.

"ಕಣ್ಣಿಗೇ ಕಾಣುತ್ತಲ್ಲ" ಎಂದಳು ಎಸ್ನಾತ್,
ಮನೆಮನೆ ತಿರುಗಿ ಬೆರಳು ಚುಚ್ಚಿ ರಕ್ತದ ಹನಿ ತಂದವಳು.
ಕಾಣುತ್ತೆ, ನಿಜ.
ಮೋಡದಲ್ಲಿ ಆನೆಯೂ ಕಾಣುತ್ತೆ.

ಲೆಕ್ಕ ಶುರುವಾಗುವುದು ಹಟದಿಂದ:
ಎರಡು ದಡಕ್ಕೂ ಏನೇನೂ ಭೇದವಿಲ್ಲ ಅಂದುಕೋ.
ಅಂದುಕೊಂಡು, ಆಚೆಯ ಜ್ವರ ಈಚೆಯ ಜ್ವರ
ಒಂದೇ ಮರಿಗೆಗೆ ಸುರಿದು ಕಲಸು,
ನಾನೂರಕ್ಕೆ ಅರವತ್ತೆರಡು.
ಈ ಒಂದೇ ಹಿಟ್ಟಿನಿಂದ ಕಣ್ಣುಮುಚ್ಚಿ ಎರಡು ಮುದ್ದೆ ಕಟ್ಟಿದರೆ
ಬರಿಯ ಕೈತಪ್ಪಿಗೇ ಎಷ್ಟು ಹೆಚ್ಚುಕಮ್ಮಿ ಆದೀತು?
ನ್ಸಿಮಾ ಬಡಿಸುವ ಯಾವ ತಾಯಿಗೂ ಗೊತ್ತು ಇದು.

ಆ ಹೆಚ್ಚುಕಮ್ಮಿಯನ್ನೇ ಗೇಣು ಮಾಡಿ
ನಮ್ಮ ಅಂತರ ಅಳೆದೆ:
ಒಂದು ಪಾಯಿಂಟ್ ಒಂಬತ್ತು ಮೂರು.
ಮೊದಲೇ ಎಲ್ಲರೂ ಒಪ್ಪಿದ್ದ ಹೊಸ್ತಿಲು
ಒಂದು ಪಾಯಿಂಟ್ ಒಂಬತ್ತು ಆರು.

ಕರೆಂಟು ಹೋಯಿತು.
ಫ್ಯಾನು ಇನ್ನೆರಡು ಸುತ್ತು ಸುತ್ತಿ ನಿಂತಿತು.

ಎಸ್ನಾತ್ ರಿಜಿಸ್ಟರು ತಿರುವಿ ಒಂದು ಹೆಸರಿನ ಮೇಲೆ ಉಗುರಿಟ್ಟಳು.
ಯಾಮಿಕಾನಿ, ಆರು ವರ್ಷ.
"ಇವನ ಪರದೆಯನ್ನು ಮಾವ ಒಯ್ದ, ಮೀನು ಹಿಡಿಯಲು.
ಹುಡುಗ ಇಡೀ ಮಳೆಗಾಲ ಹಾಗೇ ಮಲಗಿದ.
ಬಿಟ್ಟುಬಿಡು ಇವನನ್ನು."

ಬಿಟ್ಟೆ, ಕಾಗದದ ಮೂಲೆಯಲ್ಲಿ, ಪೆನ್ಸಿಲಿನಲ್ಲಿ.
ಅಂಕಿ ಎರಡು ದಾಟಿತು. ಅಷ್ಟು ಸಾಕಿತ್ತು
ಲಿಲಾಂಗ್ವೆಯಿಂದ ಲಾರಿ ಹೊರಡಲು,
ಆಚೆ ದಡಕ್ಕೂ ಹೊಸ ಪರದೆ ಹೊತ್ತು.

ಆದರೆ ಮುಂದಿನ ಊರಲ್ಲೂ ಮಾವಂದಿರು ಇರುತ್ತಾರೆ.
ಹಸಿವಿರುತ್ತದೆ, ಪರದೆಗೆ ಮೀನೂ ಬೀಳುತ್ತದೆ.
ಪರದೆ ಹಂಚುವುದೆಂದರೆ
ಅದನ್ನೆಲ್ಲ ಸೇರಿಸಿಯೇ ಹಂಚುವುದು.

ಅಳಿಸಿದೆ. ಮತ್ತೆ ಇಪ್ಪತ್ನಾಲ್ಕು.
ವರದಿಗೆ ಬರೆದೆ: ಭೇದವಿದೆ ಎನ್ನಲು ಆಧಾರ ಸಾಲದು.
ಭೇದವಿಲ್ಲ ಎಂದು ಬರೆಯಲಿಲ್ಲ; ಅದು ಬೇರೆ ಮಾತು.
ಎಸ್ನಾತ್‌ಗೆ ಎರಡೂ ಒಂದೇ ಅನಿಸಿತು.
ಕೆಳಗೆ ಸೇರಿಸಿದೆ: ಮುಂದಿನ ಮಳೆಗೆ
ದಡಕ್ಕೆ ಐನೂರು ಮಕ್ಕಳು ಬೇಕು.
"ಅಷ್ಟು ಜ್ವರವೂ ಬೇಕು ಅನ್ನು" ಎಂದು
ಚೀಲ ಹೆಗಲಿಗೇರಿಸಿ ಹೊರಟಳು.

ಸಂಜೆ ನೀರಂಚಿನಲ್ಲಿ
ಮಾವನ ಜೊತೆ ನೀಲಿ ಪರದೆ ಎಳೆಯುತ್ತಿದ್ದ ಅವನು,
ಮೊಣಕಾಲವರೆಗೆ ಒದ್ದೆ.
ಔಷಧಿ ಎಂದೋ ತೊಳೆದುಹೋಗಿತ್ತು.
ಪರದೆಯ ತುಂಬ ಉಸಿಪಾ,
ಎಣಿಸಲಾಗದಷ್ಟು.