ಕ್ಲಿಪ್ಪು ಸರಿಯಾಗಿಯೇ ಇತ್ತು

ಮೊದಲ ಗೆರೆ ತಲೆಕೆಳಗಾಗಿ ಬಂತು.
ಕೈಯ ಕ್ಲಿಪ್ಪು ಅದಲುಬದಲಾಗಿರಬೇಕು ಅಂದುಕೊಂಡೆ,
ಇಪ್ಪತ್ತೆರಡು ವರ್ಷದ ಮೇಲೂ ಆಗುತ್ತದೆ,
ಅದೂ ಕುಮಟೆ ಬಸ್ಸಿನ ಮಂದಿ ಒಮ್ಮೆಲೇ ಇಳಿದ ಬೆಳಿಗ್ಗೆ.
ಕೆಂಪು ಬಲಕ್ಕೆ, ಹಳದಿ ಎಡಕ್ಕೆ.
ನೋಡಿದೆ. ಸರಿಯಾಗಿಯೇ ಇತ್ತು.

ಗಣಪಿ ಅಂಬಿಗ. ಅಘನಾಶಿನಿ ದಂಡೆ.
ವಯಸ್ಸು: 'ಅರವತ್ತು ಬರ್ಕೊ ಒಡೆಯಾ.'
ಮೂವತ್ತು ಬೇಸಿಗೆ ಚಿಪ್ಪಿ ಸುಟ್ಟವಳು,
ಸುಣ್ಣದ ಗೂಡಿನ ಬಾಯಿಗೆ ಮುಖ ಕೊಟ್ಟು ನಿಂತವಳು.
ಬೆರಳ ಸೀಳಿನ ಬಿಳಿ
ಸ್ಪಿರಿಟ್ಟಿಗೂ ಹೋಗಲಿಲ್ಲ.
'ಎಂತದೂ ಇಲ್ಲ. ಏರು ಹತ್ತಿದ್ರೆ ಉಬ್ಸ ಬತ್ತದೆ, ಅಷ್ಟೇಯ.'
ಪಾದ ಒತ್ತಿ ಬೆರಳು ತೆಗೆದೆ,
ಕುಳಿ ಹಾಗೇ ಉಳಿಯಿತು
ಇಳಿತದ ಕೆಸರಿನಲ್ಲಿ ಏಡಿ ಬಿಟ್ಟುಹೋದಂತೆ.

ಎಡಗೋಣೆಗೆ ಇಡೀ ಮೈಯ ದುಡಿತ, ಅದರ ಗೋಡೆ ಮೊದಲೇ ದಪ್ಪ.
ಬಲದ್ದು ತೆಳು. ಪಕ್ಕದ ಮನೆಗೆ, ಶ್ವಾಸಕೋಶಕ್ಕೆ,
ಕೊಡ ಕೊಟ್ಟು ಬರುವಷ್ಟೇ ಕೆಲಸ.
ದಾರಿಯಲ್ಲಿ ಹೂಳು ತುಂಬಿದರೆ?
ಅಳಿವೆಗೆ ಮರಳು ಕೂತ ವರ್ಷ
ಹುಟ್ಟು ಹಾಕುವವರ ತೋಳು ನೋಡಬೇಕು.
ಗೋಡೆಯೂ ಹಾಗೆ, ತಳ್ಳಿ ತಳ್ಳಿ ದಪ್ಪವಾಗುತ್ತದೆ.
ಯಾರೂ ಹೇಳಿಕೊಟ್ಟದ್ದಲ್ಲ.

ಹೂಳು ಎಲ್ಲರದೂ ಒಂದೇ ಅಲ್ಲ.
ಮಾಜಾಳಿಯ ಹುಡುಗನಿಗೆ ಹುಟ್ಟುವಾಗಲೇ ಬಾಗಿಲು ಕಿರಿದು, ನಡುಗೋಡೆಯಲ್ಲಿ ತೂತು;
ಓಡುತ್ತ ಓಡುತ್ತ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ,
ತುಟಿ ನೇರಳೆ ತಿಂದಂತೆ. ತಿಂದಿರಲಿಲ್ಲ.
ಚೆಂಡಿಯಾದ ಟೀಚರಿಗೆ ಹತ್ತನೆಯ ವಯಸ್ಸಿನ ಗಂಟಲುನೋವು, ಕೀಲುಜ್ವರ
ನಲವತ್ತಕ್ಕೆ ಬಂದು ಬಾಗಿಲು ಬಡಿಯಿತು:
ಎಡದ ಕವಾಟ ಬಿಗಿದು, ಹಿಂದೆ ನಿಂತ ರಕ್ತ
ಶ್ವಾಸಕೋಶ ದಾಟಿ ಬಲಕ್ಕೆ ಒತ್ತಿತ್ತು.
ಬೈತಖೋಲದ ಟ್ರಾಲರ್ ಚಾಲಕನಿಗೆ ಗೊರಕೆ. ಗೊರಕೆಯಲ್ಲ,
ಗೊರಕೆಗಳ ನಡುವಿನ ಮೌನ;
ಹೆಂಡತಿ ಕತ್ತಲಲ್ಲಿ ಬೆರಳು ಮಡಚಿ ಎಣಿಸುತ್ತಿದ್ದಳಂತೆ.

ಗಣಪಿಯದು ಹೊಗೆ, ಧೂಳು.
ಎದೆಯ ಮೊದಲ ಬಟ್ಟಲಿನಲ್ಲಿ
ಆಳಕ್ಕೆ ಇಳಿಯಬೇಕಿದ್ದ ಗೆರೆ ಏರಿ ನಿಂತಿತು.
ಡಾಕ್ಟರು ಎದೆಮೂಳೆಯ ಎಡ ಅಂಚಿಗೆ ಅಂಗೈ ಇಟ್ಟರು,
ಅಂಗೈ ಎದ್ದಿತು,
ತೆರೆಗೆ ದೋಣಿಯ ಮೂತಿ ಎದ್ದಂತೆ.
ಗೆರೆ ಅನುಮಾನ ಮಾತ್ರ ಹೇಳುತ್ತದೆ, ಲೆಕ್ಕ ಎಕೋದ್ದು:
ಐದು ಮಿಲಿಮೀಟರ್ ಮೀರಬಾರದ ಗೋಡೆ
ಎಂಟು.

ನಮ್ಮ ಮಾತು ಕೇಳಿಸಿಕೊಂಡಿದ್ದಳು.
'ದಪ್ಪ ಆದ್ರೆ ಗಟ್ಟಿ ಆಯ್ತಲ್ಲ, ಒಡೆಯಾ?'
ತಪ್ಪೇನೂ ಅಲ್ಲ. ಕೆಲವು ಕಾಲ ಅದು ನಿಜವೇ.
ಆಮೇಲಿನದು ಹೇಳಲು ಬಾಯಿ ಬರಲಿಲ್ಲ,
ಜೆಲ್ಲು ಒರೆಸಿಕೊಳ್ಳಲು ಹತ್ತಿ ಕೊಟ್ಟೆ.

ಔಷಧಿ ಚೀಟಿ ಮೇಲಿನ ಮಹಡಿಯಲ್ಲಿ.
ಗಾಲಿಕುರ್ಚಿ ಹುಡುಕಿ ತರುವಷ್ಟರಲ್ಲಿ
ಹೊರಟೇಬಿಟ್ಟಿದ್ದಳು, ಸೆರಗು ಸಿಕ್ಕಿಸಿ.
ನಾಲ್ಕನೆಯ ಮೆಟ್ಟಿಲಲ್ಲಿ ಸರಳು ಹಿಡಿದು ನಿಂತಳು,
ಕಿಟಕಿಯತ್ತ ತಿರುಗಿ,
ಕಡಲು ನೋಡುವವಳ ಹಾಗೆ.

ಅಲ್ಲಿಂದ ಕಡಲು ಕಾಣುವುದಿಲ್ಲ.