ಅರವತ್ತರಲ್ಲಿ ಮೂರು

ಶಿಡ್ಲಘಟ್ಟ. ತಬ್ರೇಜನ ರೀಲಿಂಗ್ ಘಟಕದ ಮೇಲ್ಮಾಳಿಗೆ.
ಭಾನುವಾರ ಎರಡು ಗಂಟೆಗೆ ನಮ್ಮ ಆಟ.
ಕೆಳಗೆ ಬಾಯ್ಲರು ಆರಿರುತ್ತದೆ,
ಬೆಂದ ಹುಳುವಿನ ವಾಸನೆ ಆರಿರುವುದಿಲ್ಲ.
ಗೂಡಿನ ಕ್ರೇಟು ಬೋರಲು ಹಾಕಿದರೆ ಮೇಜು,
ಅದರ ಮೇಲೆ ಅವನಮ್ಮನ ಹಳೇ ದುಪಟ್ಟಾ,
ಕಾರ್ಡಿನ ಅಂಚು ಸವೆಯಬಾರದಲ್ಲ.

ತಬ್ರೇಜ್, ಮುನಿಕೃಷ್ಣ, ಪಾಲಿಟೆಕ್ನಿಕ್ಕಿನ ಶಾಜಿಯಾ,
ಮಾರ್ಕೆಟ್ಟಲ್ಲಿ ಗೂಡು ತೂಗುವ ನಾನು,
ಮತ್ತೆ ಒಂಬತ್ತನೇ ಕ್ಲಾಸಿನ ನವನೀತ.
ಅವನನ್ನು ಚಿಲ್ಲರೆ ಎನ್ನುತ್ತೇವೆ;
ಎರಡು ರೂಪಾಯಿಯ ಕಾರ್ಡನ್ನೂ ಬಿಸಾಡದ ಹುಡುಗ.

ನಾಲ್ಕು ವರ್ಷ ನಾನು ಆಡಿದ್ದು ಮುದಿ ಕುಂಬಾರನನ್ನು.
ಸರದಿಗೊಂದು ಮಡಕೆ, ಅಷ್ಟೇ ಅವನ ಕಸುಬು.
ಏಳು ಮಡಕೆ ತುಂಬಿದ ದಿನ
ಎದುರಿನ ಕೋಟೆಗೆ ನೀರು ನುಗ್ಗುತ್ತದೆ.
ಅಲ್ಲಿಯವರೆಗೆ ಸಾಯದೆ ಇರುವುದೇ ಆಟ.
'ನಿನ್ನ ಜೊತೆ ಆಡೋದಕ್ಕಿಂತ
ದಿಬ್ಬೂರಹಳ್ಳಿ ಬಸ್ಸಿಗೆ ಕಾಯೋದು ವಾಸಿ'
ಎನ್ನುತ್ತಿದ್ದ ಮುನಿಕೃಷ್ಣ. ಸೋತು, ಮತ್ತೆ ಕೂರುತ್ತಿದ್ದ.

ಆಷಾಢದಲ್ಲಿ ಹೊಸ ಪೊಟ್ಟಣ ಬಂತು.
ಶಾಜಿಯಾ ಹಲ್ಲಲ್ಲಿ ಹರಿದಳು. ಐದನೆಯದು
ಕಡವಿನ ಕಾವಲಿನವಳು.
ಮೊಣಕಾಲುದ್ದ ನೀರು, ಕೈಯಲ್ಲಿ ಲಾಂದ್ರ, ಮುಖ ಕಾಣದು.
ಕೆಳಗೆ ಎರಡೇ ಸಾಲು:
ನಾಲ್ಕನೇ ಸರದಿಯ ಮೇಲೆ ಇಳಿಸು,
ಎದುರಾಳಿ ಕೂಡಿಟ್ಟದ್ದೆಲ್ಲ ನಿನ್ನ ಪಾಲು.

'ಏಮಿರಾ ಇದಿ' ಎಂದ ಮುನಿಕೃಷ್ಣ.
ಬೆಚ್ಚಿದಾಗ ಅವನಿಗೆ ತೆಲುಗೇ ಬರುವುದು.
ಹೊಳೆಯಿಲ್ಲದ ಊರಿನ ಚಿಲ್ಲರೆ ಕೇಳಿದ,
'ಕಡವು ಅಂದ್ರೇನಣ್ಣಾ?'

ಒಂದೇ ತಿಂಗಳಲ್ಲಿ ಕಲಿತ.
ಎಲ್ಲರ ಕಟ್ಟಿನಲ್ಲೂ ಅವಳೇ, ಮೂರು ಮೂರು ಪ್ರತಿ.
ತಬ್ರೇಜ್ ಹಳೇ ಫೋನು ಮಾರಿದ.
ಕುಂಬಾರ, ಕಣಜದವನು, ಜೇನು ಕೂಡಿಸುವವಳು
ಬಿಸ್ಕತ್ತಿನ ಡಬ್ಬಿಯ ತಳ ಸೇರಿದರು.
ಮೂರರೊಳಗೆ ಮುಗಿಸಬೇಕೆಂದು ಮುನಿಕೃಷ್ಣ ಬರೀ ಬೆಂಕಿ ತುಂಬಿದ.
ಬೆಂಕಿಗೆ ಹೆದರಿ ಶಾಜಿಯಾ ಗೋಡೆ ಕಟ್ಟಿದಳು.
ಗೋಡೆಯೂ ಕೂಡಿಟ್ಟದ್ದೇ ತಾನೇ?
ಅದನ್ನೂ ಹೊತ್ತುಕೊಂಡು ಹೋದಳು ಲಾಂದ್ರದವಳು.

ಅರವತ್ತು ಕಾರ್ಡಿನ ಕಟ್ಟು.
ಮೂರು ಹಾಕಬೇಕಾದರೆ ಮೂರು ತೆಗೆಯಬೇಕು.
ಶನಿವಾರ ರಾತ್ರಿ ಚಾಪೆಯ ಮೇಲೆ ಹರಡಿ ಕೂತೆ.
ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು,
'ಯಾರನ್ನ ಆಚೆ ಹಾಕ್ತಿದೀರಿ?'
ಕುಂಬಾರರು ಮೂವರು.
ಒಬ್ಬನ ಮೂಲೆ ಮಡಚಿತ್ತು, ಒಬ್ಬನ ಮೇಲೆ ಟೀ ಕಲೆ.

ಗೆದ್ದೆ. ನಾಲ್ಕಕ್ಕೆ ನಾಲ್ಕು.
ಸರದಿ ಎಣಿಸು, ಇಳಿಸು, ಎದುರಿನ ಮುಖ ನೋಡಬೇಡ.
ಚಿಟ್ಟೆ ಕೊರೆದು ಹೊರಬಿದ್ದ ಗೂಡಿದೆಯಲ್ಲ,
ಇಟ್ಟರೆ ತಕ್ಕಡಿಯ ಮುಳ್ಳೇ ಅಲುಗದು,
ಅಷ್ಟು ತೂಕದ ಗೆಲುವು.
ಮಡಕೆ ಇಡುವ ಜಾಗಕ್ಕೆ ಕೈ ಮಾತ್ರ
ಎರಡು ಸಲ ತಾನೇ ಹೋಗಿ ವಾಪಸ್ಸು ಬಂತು.

ಮುಂದಿನ ವಾರ ಎದುರಿಗೆ ಚಿಲ್ಲರೆ.
ಸರದಿಗೊಂದರಂತೆ ಇಟ್ಟ: ಉಪ್ಪಿನ ಹೊರೆ,
ಉಪ್ಪಿನ ಹೊರೆ, ಉಪ್ಪಿನ ಹೊರೆ.
ಯಾರಿಗೂ ಬೇಡದ ಕಾರ್ಡು ಅದು;
ಶಾಜಿಯಾ ನೋಟ್ಸಿನ ನಡುವೆ ಗುರುತಿಗೆ ಇಡುತ್ತಿದ್ದಳು.
ನಗುತ್ತಲೇ ನಾನು ಕಾವಲಿನವಳನ್ನು ಇಳಿಸಿದೆ.
ಉಪ್ಪು ನನ್ನದಾಯಿತು.

ಆಗ ಓದಿದ ಹುಡುಗ, ಪಾಠ ಒಪ್ಪಿಸುವ ದನಿಯಲ್ಲಿ:
'ಇದನ್ನು ಕಸಿದವನು ಹೊರೆಗೆ ಎರಡು ಸರದಿ ಸುಮ್ಮನಿರಬೇಕು.'
ಉಪ್ಪನ್ನು ಯಾರು ಕಸಿಯುತ್ತಾರೆ ಎಂದು
ಅದನ್ನು ಓದಿಯೇ ಇರಲಿಲ್ಲ ನಾವು ಯಾರೂ.

ಆರು ಸರದಿ ಕೈಕಟ್ಟಿ ಕೂತೆ.
ಹುಡುಗ ಜೇಬಿಂದಲ್ಲ, ಕಟ್ಟಿನಿಂದಲೇ ಎಳೆದ
ಮೂಲೆ ಮಡಚಿದ ಒಬ್ಬ ಮುದುಕನನ್ನು.
ಟೀ ದುಡ್ಡಿಗೆ ನಾನೇ ಕೊಟ್ಟದ್ದು.
ಒಂದು ಮಡಕೆ. ಎರಡು.
ತಬ್ರೇಜ್ ಎದ್ದು ಬಂದು ನನ್ನ ಹಿಂದೆ ನಿಂತ,
ಶಾಜಿಯಾ ಎದುರಿಗೆ.
ಐದು. ಆರು.

ನನ್ನ ಕೈಯಲ್ಲಿ ಇನ್ನೊಬ್ಬಳು ಕಾವಲಿನವಳಿದ್ದಾಳೆ.
ಹುಡುಗನಿಗೆ ಗೊತ್ತಿಲ್ಲ. ಹಿಂದೆ ನಿಂತ ತಬ್ರೇಜನಿಗೆ ಗೊತ್ತು,
ಅವನ ಉಸಿರು ನನ್ನ ಕಿವಿಗೆ ತಾಗುತ್ತಿದೆ.
ಕೆಳಗೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ.

'ಅಣ್ಣಾ,' ಎಂದ ಚಿಲ್ಲರೆ, 'ನಿಮ್ದೇ ಸರದಿ.'