ಕೊನೆಯ ಸಾಲು

ಏಪ್ರಿಲ್ ಇಪ್ಪತ್ತೆಂಟು. ಮಿಷಿಗನ್ನಿನ ಈ ತುದಿಯಲ್ಲಿ ಇನ್ನೂ
ಮೆಟ್ಟಿಲ ಪಕ್ಕ ಮಣ್ಣುಬಣ್ಣದ ಹಿಮ.
ಆಸ್ಪತ್ರೆಯ ಲಾಂಡ್ರಿಯಿಂದ ಬಂದ ಕೆರ್ತು
ಕೋಟು ಕೂಡ ಬಿಚ್ಚದೆ ಕೂತಿದ್ದಾಳೆ.
ಮೂರು ಪತ್ರ, ಒಂದು ಮೊಂಡು ಪೆನ್ಸಿಲು,
ಯಾವಾಗಲೂ ಐದು ನಿಮಿಷ ಮುಂದೆ ಓಡುವ
ಅಡುಗೆಮನೆಯ ಗಡಿಯಾರ.

ಮೊದಲನೆಯದು ದಪ್ಪ ಕಾಗದ, ಚಿನ್ನದ ಮುದ್ರೆ.
‘ಮೆರಿಟ್’ ಅಂತಿದೆ ದೊಡ್ಡಕ್ಷರದಲ್ಲಿ.
ಮಗಳ ಹೆಸರು ಮರಿಟ್.
ಒಂದಕ್ಷರ ತಪ್ಪು ಬರೆದರಲ್ಲಾ ಎಂದು ನೊಂದುಕೊಂಡು
ಆಮೇಲೆ ನಕ್ಕಳು, ಒಬ್ಬಳೇ.
ಪ್ರತಿಭೆಗೆ ವರ್ಷಕ್ಕೆ ಇಪ್ಪತ್ತಾರು ಸಾವಿರ ಡಾಲರು.
ಫೀಸು ಅರವತ್ತೊಂದು: ಅದು ಹಿಂದಿನ ಪುಟದಲ್ಲಿ,
ಬೂದು ಶಾಯಿಯಲ್ಲಿ, ನಾಚಿಕೊಂಡ ಹಾಗೆ.

ಎರಡನೆಯದರಲ್ಲಿ ಪ್ರತಿಭೆಯ ಮಾತೇ ಇಲ್ಲ.
ಅವರು ಕೇಳಿದ್ದು ಬೇರೆ.
ಮನೆ ಯಾರದು, ಅಪ್ಪ ಎಲ್ಲಿ, ಕೊನೆಗೆ ಯಾವಾಗ ದುಡ್ಡು ಕಳಿಸಿದ,
ಕಾರು ಎಷ್ಟು ಹಳೆಯದು.
ಬಿಚ್ಚಿ ಬಿಚ್ಚಿ ಹೇಳಿದ್ದಕ್ಕೆ
ಐವತ್ತೇಳರಲ್ಲಿ ನಲವತ್ತೆಂಟು ಮಾಫಿ.

ಮೂರನೆಯ ಕಾಲೇಜು ಹತ್ತಿರದ್ದು, ಬಸ್ಸಿನಲ್ಲೇ ಹೋಗಿಬರಬಹುದು.
‘ಅಭಿನಂದನೆಗಳು! ನಿಮ್ಮ ಪುರಸ್ಕಾರ’ ಅಂತ ಶುರುವಾಗಿ
ಏಳು ಸಾಲು ಇಳಿದರೆ
ಪುರಸ್ಕಾರದ ಮುಕ್ಕಾಲು ಪಾಲು ಸಾಲ.
ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅಂತಾರಲ್ಲ,
ಇಲ್ಲಿ ಹಾಗಿಲ್ಲ.
ಕೊಟ್ಟವನೇ ಈರಭದ್ರ.
ಹುಡುಗಿಗೆ ನಲವತ್ತಾಗುವವರೆಗೂ
ಕತ್ತಿ ಒರೆಗೆ ಹಾಕದವನು.

ಆಸ್ಪತ್ರೆಯ ಹಳೇ ಚೀಟಿಯ ಬೆನ್ನ ಮೇಲೆ
(ದುಪ್ಪಟಿ ೧೪೦, ದಿಂಬಿನ ಚೀಲ ೯೨)
ಕೆರ್ತು ಕಳೆಯುತ್ತಾ ಹೋದಳು.
ಮೂವತ್ತೈದು.
ಒಂಬತ್ತು.
ಇವತ್ತಿಗೆ ಐದು, ಆಮೇಲೆ ದೇವರೇ ಬಲ್ಲ.

ಅಂಗಡಿ ಮುಚ್ಚಿ ಬಂದ ಮರಿಟ್‌ಳ ತೋಳಿಗೆ
ಪೇಸ್ಟಿ ಒಲೆಯ ಹಿಟ್ಟು ಮೆತ್ತಿದೆ.
ಚಿನ್ನದ ಮುದ್ರೆಯನ್ನೇ ಎತ್ತಿಕೊಂಡು ಅಂದಳು:
‘ಇವರಿಗೆ ಬೇಕಾದ್ದು ನಾನು.
ಅವರಿಗೆ ಬೇಕಾದ್ದು ನಮ್ಮ ಬಡತನ.’

ತಾಯಿ ತುಂಬ ಹೊತ್ತು ಪೆನ್ಸಿಲಿನ ತುದಿ ನೋಡಿದಳು.
ಆ ಕಾಲೇಜಿಗೆ ಮಧ್ಯಾಹ್ನವೇ ಫೋನು ಮಾಡಿದ್ದಳು,
ಇನ್ನಷ್ಟು ಇಳಿಸುತ್ತೀರಾ ಅಂತ.
ನಲವತ್ತು ನಿಮಿಷ ಪಿಯಾನೋ ಕೇಳಿಸಿ
ಇಲ್ಲ ಅಂದಿದ್ದರು, ತುಂಬ ವಿನಯದಿಂದ.
ಅದನ್ನು ಹೇಳಲಿಲ್ಲ.
‘ಆ ಪತ್ರ ನೀನೇ ಇಟ್ಟುಕೋ,’ ಅಂದಳು,
‘ಇಟ್ಟುಕೊಳ್ಳೋದಕ್ಕೆ ಫೀಸಿಲ್ಲ.’

ಮರಿಟ್ ನಗಲಿಲ್ಲ. ಮುದ್ರೆಯನ್ನು
ಹೆಬ್ಬೆರಳಿಂದ ಒಂದು ಸಲ ಸವರಿ ಕೆಳಗಿಟ್ಟಳು.
ಕುರ್ಚಿ ಎಳೆದುಕೊಂಡು ಚೀಟಿ ತಿರುಗಿಸಿ
ಒಂಬತ್ತರ ಮೇಲೆ ಬೆರಳಿಟ್ಟಳು.
‘ಪುಸ್ತಕ ಸೇರಿಸಿಲ್ಲ ನೀನು.’
ಪೆನ್ಸಿಲು ತೆಗೆದುಕೊಂಡು ಬರೆದಳು, ಸಾವಿರದ ಇನ್ನೂರು.
ಅದರ ಕೆಳಗೆ
ಕ್ರಿಸ್‌ಮಸ್ಸಿಗೆ ಬಂದುಹೋಗುವ ಬಸ್ಸಿನ ದುಡ್ಡು,
ಎರಡು ಸಲ ತಿದ್ದಿ.